ತೊಲೆಯ ಮೇಲಿದ್ದ ಐದು ಸಾಲು

ಹೊಳೆನರಸೀಪುರ
೨೧ ನವೆಂಬರ್ ೧೯೪೮

ಮುದ್ದಮ್ಮನವರಿಗೆ,

೧೯೩೭ನೆಯ ಇಸವಿ ಮಾರ್ಚಿ ತಿಂಗಳ ಹದಿನಾಲ್ಕನೆಯ ತಾರೀಖು, ಬೆಳಗಿನ ಹತ್ತರ ಸುಮಾರಿಗೆ, ಬಿಳಿಗಲ್ಲೂರಿನ ಕಲ್ಲುಮನೆಯ ಜಗಲಿಯ ಮುಂದೆ ನಿಂತು, ಸರ್ಕಾರದ ಕಾಗದದಲ್ಲಿ ಇಲ್ಲದ ಒಂದು ಸಾಲನ್ನು ನಾನು ಇದೆಯೆಂದು ಓದಿದೆ. ಅದನ್ನು ಕೇಳಿ ನಿಮ್ಮ ತಂದೆ ಕೆಂಚಯ್ಯನವರು ಆ ದಿನವೇ ಮನೆ ಬಿಟ್ಟರು. ಅದಾಗಿ ಹನ್ನೆರಡು ದಿನಕ್ಕೆ ಅದೇ ಮನೆಯ ಒಳತೊಲೆಯ ಮೇಲಿದ್ದ ಐದು ಸಾಲು ಬರಹವನ್ನು ಉಳಿಯಿಂದ ಕೆರೆದು ತೆಗೆದರು. ಕೆರೆಯುವಾಗ ನಾನು ಅಲ್ಲೇ ಇದ್ದೆ. ಆ ಐದು ಸಾಲಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ನನ್ನ ಭಾವನವರೊಬ್ಬರಿಗೆ ಬಿಟ್ಟರೆ ಹನ್ನೊಂದು ವರ್ಷ ಯಾರಿಗೂ ಹೇಳಲಿಲ್ಲ.

ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಪುಸ್ತಕ ಓದಿದವರಿಗೆ ಒಂದು ಚಾಳಿಯಿದೆ. ತಪ್ಪು ಹೇಳಬೇಕಾದ ಕಡೆ ರಾಜರ ವಂಶಾವಳಿಯಿಂದ ಶುರುಮಾಡುತ್ತಾರೆ. ಕೇಳುವವರು ದಣಿದ ಮೇಲೆ ತಪ್ಪು ಎಲ್ಲೋ ಮೂಲೆಯಲ್ಲಿ ಬಂದುಹೋಗುತ್ತದೆ. ನಾನು ಅಂಥ ಭಾಷಣಗಳನ್ನು ಅರಕಲಗೂಡಿನಲ್ಲೂ ಚನ್ನರಾಯಪಟ್ಟಣದಲ್ಲೂ ಮಾಡಿದವನು. ನಿಮ್ಮ ಮುಂದೆ ಮಾಡಲಾರೆ.

ನಿಮ್ಮ ಕಾರ್ಡು ಕಳೆದ ಸೋಮವಾರ ತಲುಪಿತು. ಊಟಕ್ಕೆ ಕೂತಿದ್ದೆ. ನನ್ನ ಹೆಂಡತಿ ಗಂಗಾಂಬಿಕೆ ಅದನ್ನು ಮೊದಲು ತಾನೇ ಓದಿ, ತಂದು ನನ್ನ ಎಲೆಯ ಪಕ್ಕ ಇಟ್ಟಳು. "ಈಗೇನು ಓದ್ತೀರೋ ಓದಿ," ಎಂದಳು. ಮತ್ತೆ ಮಜ್ಜಿಗೆ ಬಡಿಸಲಿಲ್ಲ. ಕಾರ್ಡಿನಲ್ಲಿದ್ದದ್ದು ಆರು ಸಾಲು. "ಗಂಗಾಧರಯ್ಯನವರಿಗೆ, ನಾನು ನೀರುಗಂಟಿ ಕೆಂಚಯ್ಯನ ಮಗಳು. ಹಾಸನದ ಆಸ್ಪತ್ರೆಯಲ್ಲಿ ಆಯಾ ಕೆಲಸದಲ್ಲಿದ್ದೇನೆ. ಬರೆಯಲು ಕಲಿತಿದ್ದೇನೆ. ನಾನು ತೊಳೆದುಕೊಟ್ಟ ತೊಲೆಯಲ್ಲಿ ಏನು ಬರೆದಿತ್ತು. ಅಮಲ್ದಾರರು ನನ್ನ ತಮ್ಮ ಬೋರಪ್ಪನಿಗೆ ದಾಖಲೆ ಕೇಳಿದ್ದಾರೆ. ನಿಮಗೆ ಗೊತ್ತು. ನಮಗೂ ಗೊತ್ತಾಗಬೇಕು."

ನಿಮ್ಮ ತಂದೆಯವರು ನನ್ನನ್ನು ಬುದ್ಧಿ ಎಂದು ಕರೆಯುತ್ತಿದ್ದರು. ನೀವೂ ಹಾಗೇ ಕರೆಯುತ್ತಿದ್ದಿರಿ. ಕಾರ್ಡಿನಲ್ಲಿ ಬುದ್ಧಿ ಎಂಬ ಮಾತಿಲ್ಲ, ನನ್ನ ಹೆಸರಿದೆ. ಅದನ್ನು ಓದಿದಾಗ ಮೊದಲ ಕ್ಷಣ ನನಗೆ ಸಿಟ್ಟು ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಓದಿದಾಗ ಆ ಸಿಟ್ಟಿಗೇ ನಾಚಿಕೆಯಾಯಿತು. ನಿಮ್ಮನ್ನು ಏನೇ, ಬಾರೇ ಎಂದ ಬಾಯಿ ನನ್ನದು. ಈ ಕಾಗದದಲ್ಲಿ ಬಹುವಚನ ಬರುತ್ತಿದ್ದರೆ, ಅದು ನಿಮ್ಮ ಕಾರ್ಡು ಬರೆಸಿದ್ದು.

ಮುದ್ದಮ್ಮನವರೇ, ಆ ಮನೆಯ ವಿಷಯ ನಿಮಗೆ ಹೇಳಹೊರಡುವುದು ಹಾಸ್ಯಾಸ್ಪದ. ನೀವು ಅಲ್ಲಿ ಹುಟ್ಟಿದವರು. ಆದರೂ ನಾನು ಕಂಡಂತೆ ಬರೆಯುತ್ತೇನೆ, ಏಕೆಂದರೆ ಬೋರಪ್ಪನ ಅರ್ಜಿಯ ವಿಚಾರಣೆಯ ದಿನ ಇದನ್ನೇ ನಾನು ಅಮಲ್ದಾರರ ಮುಂದೆ ಹೇಳಬೇಕಾಗಿದೆ. ತಪ್ಪಿದ್ದರೆ ನೀವು ತಿದ್ದಬೇಕು.

ಹಳ್ಳಿಮೈಸೂರಿನ ದಾರಿ ಬಿಟ್ಟು ಒಂದೂವರೆ ಮೈಲಿ ಒಳಕ್ಕೆ, ಬಿಳಿಗಲ್ಲೂರಿನ ಕೆರೆ ಏರಿಯ ಬಲಗಡೆ, ಎತ್ತರದ ಬಂಡೆಯ ಮೇಲೆ ಆ ಮನೆ ಕೂತಿದೆ. ಊರಿಗೆ ಬೆನ್ನು ಹಾಕಿ ಕೂತಿದೆ. ಮೂರು ಅಂಕಣದ ಮನೆ. ಗೋಡೆ ಎರಡು ಪದರ, ಎರಡೂ ಕರಿಕಲ್ಲು, ನಡುವೆ ಜಲ್ಲಿ ತುಂಬಿದೆ. ಒಂದು ಬೊಗಸೆ ಗಾರೆಯನ್ನೂ ಬಳಸಿಲ್ಲ. ಒಳಗೆ ನಡುವಿನ ಅಂಕಣದಲ್ಲಿ ಮಾತ್ರ ನಾಲ್ಕು ಕಂಬ ಬಳಪದ ಕಲ್ಲಿನವು, ಅವುಗಳ ಮೇಲಿನ ತೊಲೆಯೂ ಅದೇ ಕಲ್ಲು. ಕಂಬಗಳಲ್ಲಿ ಬಳ್ಳಿಯಿಲ್ಲ, ಹೂವಿಲ್ಲ, ಸುಮ್ಮನೆ ಚೌಕ. ಬಾಗಿಲ ಮೇಲೆ ದೇವರ ಬಿಂಬವಿಲ್ಲ. ಮಾಳಿಗೆಯ ಚಪ್ಪಡಿಗಳು ಹಿಂದಕ್ಕೆ ಇಳಿಜಾರಾಗಿವೆ, ಬಿದ್ದ ನೀರು ಕಲ್ಲಿನ ದೋಣಿಯಲ್ಲಿ ಹರಿದು ಹಿತ್ತಲಿಗೆ ಬೀಳುತ್ತದೆ. ಬಾಗಿಲು ನನ್ನ ಎದೆಯ ಎತ್ತರ. ಮೊದಲ ದಿನ ಬಗ್ಗಿ ಒಳಗೆ ಬಂದಾಗ ನಿಮ್ಮ ತಂದೆಯವರು ನಕ್ಕಿದ್ದರು. "ನಮ್ಮನೇಗೆ ಬಂದೋರೆಲ್ಲ ತಲೆ ಬಗ್ಸೇ ಬರ್ಬೇಕು ಬುದ್ಧಿ. ನಾವೇಳಿದ್ದಲ್ಲ, ಬಾಗ್ಲೇ ಅಂಗದೆ." ಪಟೇಲರು, ಎಂದರೆ ನನ್ನ ಭಾವ ಪಂಚಾಕ್ಷರಯ್ಯನವರು, ತಲೆ ಬಗ್ಗಿಸದೆ ನುಗ್ಗಿ ಹಣೆ ಒಡೆದುಕೊಂಡರು. ಆ ಗಾಯದ ಗುರುತು ಅವರಿಗೆ ಇಂದಿಗೂ ಇದೆ.

ಆ ಮನೆಯಲ್ಲಿ ಒಂದು ಕಿಂಡಿಯಿದೆ. ಒಳಕೋಣೆಯ ಗೋಡೆಯಲ್ಲಿ, ನೆಲದಿಂದ ಎರಡು ಗೇಣು ಮೇಲೆ, ಕೈ ಹಿಡಿಸುವಷ್ಟು. ೧೯೩೬ರ ಡಿಸೆಂಬರಿನಲ್ಲಿ ಮೈಸೂರಿನ ಪುರಾತತ್ವ ಇಲಾಖೆಯಿಂದ ಪಂಡಿತರು ಬಂದು ಮನೆಯನ್ನು ಅಳೆದಾಗ ಆ ಕಿಂಡಿಯ ಮೇಲೆ ಅರ್ಧ ದಿನ ಚರ್ಚೆಯಾಯಿತು. ಇಷ್ಟು ತಗ್ಗಿನಲ್ಲಿ ಯಾರೂ ಕಿಂಡಿ ಇಡುವುದಿಲ್ಲ. ಧ್ಯಾನಕ್ಕೆ ಕೂತವರ ಮುಖಕ್ಕೆ ಬೆಳಕು ಬೀಳಲು ಎಂದು ನಾನು ಹೇಳಿದೆ. ಮೂರು ಪುಸ್ತಕಗಳ ಹೆಸರನ್ನೂ ಹೇಳಿದೆ. ಪಂಡಿತರು ತಲೆದೂಗಿದರು. ಹೊರಗೆ ಹುರಿ ಹೊಸೆಯುತ್ತಿದ್ದ ನಿಮ್ಮ ತಂದೆಯವರನ್ನು ಯಾರೂ ಕೇಳಲಿಲ್ಲ. ನೀವು ಮೊರದಲ್ಲಿ ರಾಗಿ ಕೇರುತ್ತಿದ್ದಿರಿ. ತಲೆಯೆತ್ತದೆ ಹೇಳಿದಿರಿ: "ಅದು ತೂಬು ಕಾಣಾಕೆ. ಮನೀಕ್ಕಂಡಂಗೇ ಕಣ್ಬುಟ್ರೆ ತೂಬಿನ್ ಕಂಬ ಕಾಣ್ತದೆ, ನೀರು ಯಾವ ಗೆರೆಗದೆ ಅಂತ." ನಾನು ನೆಲದ ಮೇಲೆ ಮಲಗಿ ನೋಡಿದೆ. ಏರಿಯ ನಡುವೆ ತೂಬಿನ ಎರಡು ಕಲ್ಲುಕಂಬಗಳು ಚೌಕಟ್ಟು ಹಾಕಿಸಿದ ಪಟದಂತೆ ಕಂಡವು. ಎದ್ದು ಬಟ್ಟೆಯ ಧೂಳು ಕೊಡವಿಕೊಂಡೆ. ನಿಮ್ಮ ಮಾತನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಲಿಲ್ಲ.

ಪಂಡಿತರು ಹೊರಡುವಾಗ ಎರಡು ಮಾತು ಹೇಳಿದರು. ದೇವಸ್ಥಾನಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ, ಜನ ಬಾಳಿದ ಕಲ್ಲಿನ ಮನೆ ಅಪರೂಪ, ಇದನ್ನು ರಕ್ಷಣೆಯ ಪಟ್ಟಿಗೆ ಸೇರಿಸುವಂತೆ ಬರೆಯುತ್ತೇನೆ ಎಂಬುದು ಒಂದು. ತೊಲೆಯ ಮೇಲೆ ಮಸಿಯ ಕೆಳಗೆ ಅಕ್ಷರಗಳಿರುವಂತಿದೆ, ಹಳೆಯ ಲಿಪಿ ಬಲ್ಲ ನೀವು ಅದರ ಪ್ರತಿ ತೆಗೆದು ಕಳಿಸಿ ಎಂದು ನನಗೆ ಹೇಳಿದ್ದು ಇನ್ನೊಂದು. ಕೊಬ್ಬರಿ ವ್ಯಾಪಾರಿಯಾದ ನನಗೆ ಅಂಥ ಮಾತು ಎಷ್ಟು ಸಂತೋಷ ಕೊಟ್ಟಿತೆಂದರೆ, ಆ ರಾತ್ರಿ ಮಂಡಿಯ ತೂಕ ನೋಡುವುದನ್ನೂ ಮರೆತೆ.

ಜನವರಿಯಲ್ಲಿ ನಾನು ಪ್ರತಿ ತೆಗೆಯಲು ಬಂದದ್ದು ನಿಮಗೆ ನೆನಪಿರಬೇಕು, ಇಲ್ಲದಿದ್ದರೆ ಈ ಕಾರ್ಡು ಬರುತ್ತಿರಲಿಲ್ಲ. ತೊಲೆಯ ಮೇಲೆ ತಲೆತಲಾಂತರದ ಒಲೆಯ ಮಸಿ ಕುಳಿತು ಅರಗಿನಂತೆ ಗಟ್ಟಿಯಾಗಿತ್ತು. ನಾನು ಚಾಕು ತೆಗೆದೆ. ನೀವು ತಡೆದಿರಿ. "ಅದು ಮೆತ್ನೆ ಕಲ್ಲು ಬುದ್ಧಿ, ಉಗುರಲ್ಲಿ ಗೀಚುದ್ರೂ ಗೆರೆ ಬೀಳ್ತದೆ. ಬುಡಿ, ನಾನ್ ತೊಳ್ಕೊಡ್ತೀನಿ." ಅಂಟುವಾಳದ ಕಾಯಿ ನೆನೆಸಿದ ನೀರು, ಹಳೆಯ ಹತ್ತಿಬಟ್ಟೆ, ತೆಂಗಿನ ನಾರು. ಎರಡು ದಿನ ಹಿಡಿಯಿತು. ಅಕ್ಷರಗಳು ಒಂದೊಂದೇ ಮೇಲೆದ್ದವು. ಆರುನೂರು ವರ್ಷದ ಮೊನೆ ಒಂದೂ ಮುರಿದಿರಲಿಲ್ಲ. ಮೆತ್ತನೆಯ ಕಲ್ಲನ್ನು ಕಾಪಾಡಿದ್ದು ನಿಮ್ಮ ಮನೆಯ ಹೆಂಗಸರು ಹಚ್ಚಿದ ಒಲೆಯ ಹೊಗೆ. ಅದು ಆಗಲೇ ನನಗೆ ಹೊಳೆದಿತ್ತು.

ಕಾಗದವನ್ನು ನೆನೆಸಿ ಕಲ್ಲಿಗೆ ಅಂಟಿಸಿ ಕುಂಚದಿಂದ ತಟ್ಟಬೇಕು, ಆಮೇಲೆ ಮಸಿಯ ಉಂಡೆಯಿಂದ ಮೇಲೆ ಒತ್ತಬೇಕು. ನೆನೆಸಲು ನೀರು ಬೇಕಾಯಿತು. ನಿಮ್ಮ ಮಡಕೆಯ ನೀರನ್ನೇ ತೆಗೆದುಕೊಂಡೆ. ಮಧ್ಯಾಹ್ನ ಬಾಯಾರಿತು. ನಿಮ್ಮ ತಂದೆಯವರು ನೀರು ಕೊಡಲು ಹೋಗಲಿಲ್ಲ, ಅವರಿಗೆ ಗೊತ್ತಿತ್ತು. ತೋಟದಿಂದ ಎಳನೀರು ತಂದು ನೆಲದ ಮೇಲಿಟ್ಟು, ಪಕ್ಕದಲ್ಲಿ ಮಚ್ಚು ಇಟ್ಟು, ದೂರ ಸರಿದರು. ನಾನೇ ಕೆತ್ತಿಕೊಂಡು ಕುಡಿದೆ. ಸಂಜೆ ಹೇಮಾವತಿಯಲ್ಲಿ ಮುಳುಗು ಹಾಕಿ ಮನೆಗೆ ಬಂದೆ. ಇದನ್ನೆಲ್ಲ ಕೇಳಿದ ಗಂಗಾಂಬಿಕೆ ಅಂದದ್ದು: "ಅವರ ಮಡಕೆ ನೀರು ನಿಮ್ಮ ಕಾಗದಕ್ಕಾಯ್ತು. ನಿಮ್ಮ ಬಾಯಿಗೆ ಆಗ್ಲಿಲ್ಲ ಅಲ್ವೆ?" ಹೆಂಗಸರಿಗೆ ಶಾಸ್ತ್ರ ತಿಳಿಯದು ಎಂದು ನಾನು ಗದರಿದೆ.

ನದಿಗೆ ಇಳಿಯುವ ಮೊದಲೇ ನಾನು ಆ ಐದು ಸಾಲನ್ನು ಓದಿ ಮುಗಿಸಿದ್ದೆ. ಮುದ್ದಮ್ಮನವರೇ, ನೀವು ಕೇಳಿದ ಉತ್ತರ ಇದು. ಇಂದಿನ ಮಾತಿಗೆ ತಂದು ಬರೆಯುತ್ತೇನೆ.

"ಶಕವರ್ಷ ಸಾವಿರದ ನೂರ ತೊಂಬತ್ತಮೂರನೆಯ ಪ್ರಜೋತ್ಪತ್ತಿ ಸಂವತ್ಸರದ ಕಾರ್ತಿಕದಲ್ಲಿ ಬಿಳಿಗಲ್ಲೂರ ಗೌಡರೂ ಒಕ್ಕಲೂ ನೆರೆದು, ಮಳೆಯಲ್ಲಿ ಮಣ್ಣಿನ ಮನೆ ಬಿದ್ದು ನೀರುಗಂಟಿಯಿಲ್ಲದೆ ಕೆರೆ ಒಡೆಯಿತಾಗಿ, ತೂಬು ಕಾಯುವ ಮಾರನಿಗೆ ಬೀಳದ ಕಲ್ಲಮನೆಯನ್ನು ಕಟ್ಟಿಸಿ ಕೊಟ್ಟರು. ಮನೆಯೂ ಹಿತ್ತಲೂ ಅವನ ಮಕ್ಕಳ ಮಕ್ಕಳಿಗೆ, ಕೆರೆಯಿರುವವರೆಗೆ. ಇವರನ್ನು ಈ ಮನೆಯಿಂದ ಎಬ್ಬಿಸಿದವನು ತನ್ನೂರ ಕೆರೆಯನ್ನು ತಾನೇ ಒಡೆದವನು."

ನಾವು ಊಹಿಸಿದ್ದ ಮಠವಲ್ಲ, ಗುರುಪೀಠವಲ್ಲ. ಒಂದು ಊರು ತನ್ನ ತಪ್ಪಿನಿಂದ ಪಾಠ ಕಲಿತು, ತನ್ನ ನೀರುಗಂಟಿಗೆ ಕಟ್ಟಿಸಿದ ಮನೆ. ಜೋಡಿ ಗೋಡೆ, ಕಿಂಡಿ, ಇಳಿಜಾರು ಎಲ್ಲಕ್ಕೂ ಆ ಐದು ಸಾಲಿನಲ್ಲಿ ಕಾರಣ ಸಿಕ್ಕಿತು. ನೀವು ರಾಗಿ ಕೇರುತ್ತ ಹೇಳಿದ್ದು ಅದೇ ಕಾರಣ. ಆ ಊರಿನಲ್ಲಿ ಗೌಡನದೂ ಮಣ್ಣಿನ ಮನೆಯಾಗಿದ್ದಾಗ ಮಾರನದು ಕಲ್ಲಿನ ಮನೆ.

ನಾನು ಸಂತೋಷಪಡಬೇಕಾಗಿತ್ತು. ಮುಖದ ಮೇಲೆ ಯಾರೋ ಹೊಡೆದಂತಾಯಿತು. ಹೊಳೆನರಸೀಪುರದ ಪೇಟೆಯ ನನ್ನ ಮನೆ ಮಣ್ಣಿನದು. ನನ್ನ ತಾತನದೂ ಮಣ್ಣಿನದೇ. ಅಂದು ನನ್ನೊಳಗೆ ನಡೆದದ್ದಕ್ಕೆ ನನ್ನಲ್ಲಿ ಇದಕ್ಕಿಂತ ಒಳ್ಳೆಯ ಕಾರಣವಿಲ್ಲ. ಹುಡುಕಿ ನೋಡಿದ್ದೇನೆ.

ಮರುದಿನವೇ ಭಾವನ ಬಳಿಗೆ ಹೋಗಿ ಓದಿ ಹೇಳಿದೆ. ಅಷ್ಟರಲ್ಲಾಗಲೇ ಅವರು ಕಲ್ಲುಮನೆ ಜೀರ್ಣೋದ್ಧಾರ ಸಮಿತಿಯೆಂದು ಒಂದನ್ನು ಮಾಡಿ, ತಾವು ಅಧ್ಯಕ್ಷರಾಗಿ, ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಮನೆ ನಮ್ಮ ಗುರುಗಳ ಮಠವಾಗಿತ್ತೆಂದು ಊರಿಗೆಲ್ಲ ಸಾರಿದ್ದರು. ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿದರು. ಬಳಿಕ ಕೇಳಿದ್ದು ಒಂದೇ ಮಾತು.

"ಇದ್ನ ಓದ್ದೋನು ನೀನೊಬ್ನೇ ಏನೋ?"

ಹೌದು ಎಂದೆ.

"ಅಂಗಾದ್ರೆ ಓದಾಕಾಗ್ಲಿಲ್ಲ ಅಂತ ಬರ್ದ್ ಕಳ್ಸು. ಅಕ್ಸರ ಸವ್ದೋಗದೆ ಅನ್ನು. ಅಲ್ಲ ಕಣಯ್ಯ, ಸರ್ಕಾರ್ದ ಬೋಲ್ಡಿನಾಗೆ ನೀರ್ಗಂಟಿ ಮಾರನ್ ಮನೆ ಅಂತ ಬರ್ಸಿ, ನಾವು ನೀವೆಲ್ಲ ಅದರ್ ಮುಂದೆ ನಿಂತು ಕೈ ಮುಗಿಯಾನೇನ್ಲಾ?"

ನಾನೂ ನಕ್ಕೆ. ಆ ನಗು ನನ್ನ ಕಿವಿಯಲ್ಲಿ ಈಗಲೂ ಇದೆ.

ಫೆಬ್ರವರಿ ಕೊನೆಗೆ ಇಲಾಖೆಯ ಕಾಗದ ಬಂತು, ಇಂಗ್ಲಿಷಿನಲ್ಲಿ. ಅದರಲ್ಲಿದ್ದದ್ದು ಮೂರೇ ವಿಷಯ. ಮನೆಯನ್ನು ಪಟ್ಟಿಗೆ ಸೇರಿಸುವ ಯೋಚನೆಯಿದೆ. ತೀರ್ಮಾನವಾಗುವವರೆಗೆ ಒಂದು ಕಲ್ಲನ್ನೂ ಮುಟ್ಟಬಾರದು. ವಾಸವಾಗಿರುವವರು ಇದ್ದ ಹಾಗೆಯೇ ಇರಲಿ, ಅವರ ವಾಸದಿಂದಲೇ ಮನೆ ಉಳಿದಿರುವಂತಿದೆ. ಆ ಕೊನೆಯ ವಾಕ್ಯ ನನಗೆ ಬಾಯಿಪಾಠವಾಗಿದೆ. ಬಿಳಿಗಲ್ಲೂರಿನಲ್ಲಿ ಇಂಗ್ಲಿಷ್ ಓದುವವರು ಯಾರೂ ಇರಲಿಲ್ಲ.

ಮಾರ್ಚಿ ಹದಿನಾಲ್ಕರಂದು ಭಾವನವರು ನಿಮ್ಮ ಜಗಲಿಯ ಮುಂದೆ ಜನ ಸೇರಿಸಿದರು. ನಿಮ್ಮ ತಂದೆಯವರು ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತರು. ನೀವು ಬಾಗಿಲ ಒಳಗೆ ಬಗ್ಗಿ ನೋಡುತ್ತಿದ್ದಿರಿ. ನಾನು ಕಾಗದವನ್ನು ಬಿಡಿಸಿ, ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಮೊದಲನೆಯದನ್ನು ಸರಿಯಾಗಿ ಹೇಳಿದೆ. ಎರಡನೆಯದನ್ನು ಅರ್ಧ ಹೇಳಿದೆ. ಮೂರನೆಯದಕ್ಕೆ ಬಂದಾಗ, "ವಾಸವಾಗಿರುವವರು ಈ ಕೂಡಲೇ ಮನೆ ತೆರವು ಮಾಡತಕ್ಕದ್ದು" ಎಂದು ಓದಿದೆ. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಜನರಲ್ಲಿ ಒಬ್ಬರು, ನಿಮ್ಮ ಕೇರಿಯ ಹಿರಿಯರು, "ಕೆಂಚಣ್ಣ, ಇನ್ನೊಂದ್ ಕಿತಾ ಓದ್ಸು, ನಮ್ ತಾತ್ನ್ ಕಾಲ್ದಿಂದ್ಲೂ ಇದ್ದೀವಿ, ಇದೆಂಗಾದಾತು" ಎಂದರು. ನಿಮ್ಮ ತಂದೆಯವರು ಕೈಯೆತ್ತಿ ಅವರನ್ನು ಸುಮ್ಮನಿರಿಸಿದರು. "ಪಟೇಲ್ರು ಏಳಿದ್ರೆ ಕೇಳ್ತಿದ್ದೆ ಕಣಣ್ಣ. ಇವ್ರು ಓದೋರು. ಇವ್ರು ಓದಿದ್ ಮ್ಯಾಕೆ ಮುಗೀತು." ನನ್ನ ಕಡೆ ತಿರುಗಿ, "ಏನೂ ಬೇಜಾರ್ ಮಾಡ್ಕಬ್ಯಾಡಿ ಬುದ್ಧಿ, ನಿಮ್ದೇನದೆ, ಇದ್ದದ್ನ ಓದಿದ್ರಿ," ಎಂದರು.

ನನಗೆ ಸಮಾಧಾನ ಹೇಳಿದರು ಅವರು. ಮುದ್ದಮ್ಮನವರೇ, ನನ್ನ ಜೀವಮಾನದಲ್ಲಿ ನನ್ನ ಓದಿಗೆ ಸಿಕ್ಕ ಅತಿ ದೊಡ್ಡ ಗೌರವ ಅದು. ಸಿಕ್ಕ ಗಳಿಗೆಯಲ್ಲೇ ನಾನು ಅದನ್ನು ಕೊಂದಿದ್ದೆ.

ಸಂಜೆಯೊಳಗೆ ಮನೆ ಖಾಲಿಯಾಯಿತು. ಒಲೆಯ ಗುಂಡುಗಳನ್ನು ಸಹ ತೆಗೆದು, ಆ ಜಾಗವನ್ನು ಸಾರಿಸಿ ಹೊರಟವರು ನೀವು. ಮರುದಿನ ಸಮಿತಿಯವರು ಶುದ್ಧಿಗೆ ಶುರುಮಾಡಿದರು. ಸಗಣಿ ನೀರು ಹೊಡೆದರು. ಗೋಮೂತ್ರ ಚಿಮುಕಿಸಿದರು. ಹಬ್ಬಕ್ಕೆ ಹಿತ್ತಾಳೆ ಪಾತ್ರೆ ತಿಕ್ಕುವಂತೆ ಕಂಬಗಳನ್ನು ಇಟ್ಟಿಗೆ ಪುಡಿಯಿಂದ ತಿಕ್ಕಿಸಿದರು. ಎಷ್ಟು ತಿಕ್ಕಿದರೂ ಕಲ್ಲಿನೊಳಗೆ ಇಳಿದಿದ್ದ ಮಸಿ ಹೋಗಲಿಲ್ಲ. ಆ ಮಸಿ ಅವರ ಒಲೆಯದು, ಅದಿರುವವರೆಗೆ ಮೈಲಿಗೆ ಹೋಗುವುದಿಲ್ಲ ಎಂದು ಒಬ್ಬರು ಅಂದರು. ಕಲ್ಲುಕುಟಿಗರನ್ನು ಕರೆಸಿದರು. ಇಪ್ಪತ್ತಾರರಂದು ಅವರು ಅಟ್ಟಣೆ ಕಟ್ಟಿ, ತೊಲೆಗೂ ಕಂಬಗಳಿಗೂ ಉಳಿ ಹಾಕಿ, ಒಂದು ಉಗುರಿನ ದಪ್ಪ ಮೇಲ್ಮೈಯನ್ನು ಕೆರೆದು ಇಳಿಸಿದರು. ಬೂದುಬಣ್ಣದ ಪುಡಿ ನನ್ನ ಅಂಗಿಯ ಮೇಲೆಲ್ಲ ಬಿತ್ತು. ಅದರಲ್ಲಿ ಮಾರನ ಹೆಸರೂ ಇತ್ತು. ಕೆಲಸದವರಲ್ಲಿ ಒಬ್ಬ, ತೊಲೆಯ ಹತ್ತಿರ ಬಂದಾಗ, ಉಳಿ ನಿಲ್ಲಿಸಿ ಕೇಳಿದ. "ಇಲ್ಲಿ ಅಕ್ಸರ ಅವೆ ಸಾಮಿ. ಕೆತ್ಲಾ, ಬುಡ್ಲಾ?"

ಭಾವನವರು ನನ್ನ ಮುಖ ನೋಡಿದರು. ಉತ್ತರ ಹೇಳಬೇಕಾದವನು ನಾನಾಗಿದ್ದೆ. ನಾನು ಕಿಂಡಿಯ ಕಡೆ ತಿರುಗಿಕೊಂಡೆ. ಬಗ್ಗಿದರೆ ಅದರಲ್ಲಿ ತೂಬು ಕಾಣುತ್ತಿತ್ತು. ಹಿಂದೆ ಉಳಿಯ ಸದ್ದು ಮತ್ತೆ ಶುರುವಾಯಿತು.

ಪಂಡಿತರಿಗೆ, ಅಕ್ಷರಗಳು ಸವೆದುಹೋಗಿವೆ, ಪ್ರತಿ ಬರಲಿಲ್ಲ, ವಾಸವಾಗಿದ್ದವರು ತಾವಾಗಿಯೇ ಬಿಟ್ಟುಹೋದರು ಎಂದು ಬರೆದೆ. ಅವರು ನನ್ನನ್ನು ನಂಬಿದರು. ಮರುವರ್ಷ ನೀಲಿ ಬೋರ್ಡು ಬಂತು. ಹಾಳುಮಾಡುವವರಿಗೆ ಶಿಕ್ಷೆ ಎಂದು ಅದರಲ್ಲಿ ಬರೆದಿದೆ. ಹಾಳುಮಾಡಿದವರೇ ಹಾರ ಹಾಕಿ ಅದನ್ನು ನೆಟ್ಟರು. ಬೀಗದ ಕೈ ಪಟೇಲರ ಮನೆಗೆ ಹೋಯಿತು. ನಾನು ಅರಕಲಗೂಡಿನಲ್ಲಿ ಪುರಾತನ ಮಠದ ಶಿಲ್ಪವೆಂದು ಒಂದು ಗಂಟೆ ಮಾತಾಡಿ, ಶಾಲು ಹೊದಿಸಿಕೊಂಡು ಬಂದೆ. ಅದು ಪೆಟ್ಟಿಗೆಯಲ್ಲಿದೆ. ಒಮ್ಮೆಯೂ ಹೊದೆದಿಲ್ಲ ಎಂದು ಹೇಳಿದರೆ ನನಗೆ ಒಳ್ಳೆಯ ಹೆಸರು ಬರಬಹುದು, ಆದರೆ ಎರಡು ಚಳಿಗಾಲ ಹೊದೆದಿದ್ದೇನೆ.

ಇನ್ನು ೧೯೪೧ರ ಆಗಸ್ಟು. ಇದನ್ನು ನಿಮಗೆ ಬರೆಯುವ ಹಕ್ಕು ನನಗಿಲ್ಲ. ಆದರೂ ಬಿಟ್ಟರೆ ಈ ಕಾಗದವೂ ನನ್ನ ಆ ದಿನದ ಓದಿನಂತಾಗುತ್ತದೆ. ಆಶ್ಲೇಷ ಮಳೆ ಐದು ದಿನ ಬಿಡಲಿಲ್ಲ. ನಿಮ್ಮ ತಂದೆಯವರೂ ಬೋರಪ್ಪನೂ ಆಗ ಕೆರೆಯ ಆಚೆ ದಂಡೆಯ ತಗ್ಗಿನಲ್ಲಿ, ಮಣ್ಣು ಗೋಡೆಯ ಗುಡಿಸಲಲ್ಲಿದ್ದರು. ಅಲ್ಲಿಂದ ತೂಬು ಕಾಣುವುದಿಲ್ಲ. ಆದ್ದರಿಂದ ನಿಮ್ಮ ತಂದೆಯವರು ದಿನಕ್ಕೆ ನಾಲ್ಕು ಸಲ ಏರಿಯ ಮೇಲೆ ನಡೆದುಹೋಗಿ ನೀರಿನ ಗೆರೆ ನೋಡಿ ಬರುತ್ತಿದ್ದರಂತೆ. ಐದನೆಯ ದಿನ ಬೆಳಗ್ಗೆ ಕಂಬಳಿಕೊಪ್ಪೆ ಹಾಕಿಕೊಳ್ಳಲು ಗೋಡೆಯ ಪಕ್ಕ ನಿಂತಿದ್ದಾಗ, ನೆನೆದ ಗೋಡೆ ಅವರ ಮೇಲೆ ಕೂತಿತು. ಬೋರಪ್ಪ ಒಬ್ಬನೇ ಮಣ್ಣು ಎಳೆದನಂತೆ. ಆಮೇಲೆ ಓಡಿಹೋಗಿ ಅದೇ ಕೈಯಲ್ಲಿ ತೂಬು ಎತ್ತಿದನಂತೆ. ಕೆರೆ ಉಳಿಯಿತು. ಊರೂ ಉಳಿಯಿತು. ಪಟೇಲರ ಗದ್ದೆಯೂ ಉಳಿಯಿತು.

ಸುದ್ದಿ ಕೇಳಿ ಮೂರನೆಯ ದಿನ ನಾನು ಬಂದೆ. ನಿಮ್ಮ ಗುಡಿಸಲ ಕಡೆ ಬರುವ ಧೈರ್ಯವಾಗಲಿಲ್ಲ. ಬೀಗದ ಕೈ ಇಸಕೊಂಡು ಕಲ್ಲುಮನೆಯ ಬಾಗಿಲು ತೆಗೆದೆ. ಅಷ್ಟು ಮಳೆಗೂ ಒಳಗೆ ಒಂದು ಹನಿ ಬಿದ್ದಿರಲಿಲ್ಲ. ನೆಲದ ಮೇಲೆ ಧೂಳು ಬೆಚ್ಚಗೆ ಕೂತಿತ್ತು. ನೀವು ಒಲೆ ಕಿತ್ತು ಸಾರಿಸಿದ ಜಾಗ ಬೇರೆಯಾಗಿಯೇ ಕಾಣುತ್ತಿತ್ತು. ಮಣ್ಣಿನ ಮನೆ ಬಿದ್ದು ನೀರುಗಂಟಿ ಸಾಯಬಾರದೆಂದು ಕಟ್ಟಿದ ಮನೆ ಬೀಗ ಹಾಕಿಕೊಂಡು ಒಣಗಿ ನಿಂತಿತ್ತು. ಮಣ್ಣಿನ ಮನೆ ಬಿದ್ದು ನೀರುಗಂಟಿ ಸತ್ತಿದ್ದರು. ಆ ಕೆಲಸವನ್ನು ಮಾಡಿದ್ದು ಮಳೆಯಲ್ಲ. ಅಂದೇ ನಿಮಗೆ ಹೇಳಬೇಕಾಗಿತ್ತು. ಏಳು ವರ್ಷ ಮತ್ತೆ ಸುಮ್ಮನಿದ್ದೆ. ಸ್ವಾತಂತ್ರ್ಯ ಬಂದ ದಿನ ಧ್ವಜದ ಕೆಳಗೆ ನಿಂತು ನ್ಯಾಯದ ಬಗ್ಗೆ ನಾನು ಮಾತಾಡಿದೆ. ಆಗಲೂ ಸುಮ್ಮನಿದ್ದೆ. ನೀವು ಬರೆಯಲು ಕಲಿಯದೆ ಇದ್ದಿದ್ದರೆ ಹೀಗೇ ಸಾಯುತ್ತಿದ್ದೆ.

ಬರುವ ಡಿಸೆಂಬರ್ ಹದಿಮೂರು, ಸೋಮವಾರ, ಅಮಲ್ದಾರರು ಬಿಳಿಗಲ್ಲೂರಿಗೆ ಬರುತ್ತಾರೆ. ನೋಡಲು ಬರುವವರಿಗೆ ಛತ್ರ ಕಟ್ಟಿಸಲು ಮನೆಯ ಹಿತ್ತಲು ತನಗೆ ಬೇಕೆಂದು ಸಮಿತಿ ಕೇಳಿದೆ. ತೂಬು ಕಾಣುವ ಆ ಹಿತ್ತಲು ತಮಗೆ ಸೇರಿದ್ದು, ಅಲ್ಲಿ ಮನೆ ಕಟ್ಟಿಕೊಳ್ಳಬೇಕು ಎಂದು ಬೋರಪ್ಪ ಕೇಳಿದ್ದಾನೆ. ದಾಖಲೆ ಎಲ್ಲಿ ಎಂದು ಕೇಳಿದರೆ ಅವನಲ್ಲಿ ಏನಿದೆ? ದಾಖಲೆಯನ್ನು ನಾವು ಪುಡಿಮಾಡಿ ಗುಡಿಸಿದ್ದೇವೆ.

ಆದರೆ ಪ್ರತಿ ಇದೆ. ಬರಲಿಲ್ಲ ಎಂದು ನಾನು ಬರೆದ ಆ ಪ್ರತಿ, ನಿಮ್ಮ ಮಡಕೆಯ ನೀರಿನಲ್ಲಿ ನೆನೆದು ಒಣಗಿದ ಆ ಕಾಗದ, ನನ್ನ ಪುಸ್ತಕದ ಬೀರುವಿನ ಹಿಂದೆ ಬಿದಿರಿನ ಕೊಳವೆಯೊಳಗೆ ಹನ್ನೊಂದು ವರ್ಷ ಇತ್ತು. ಯಾಕೆ ಸುಡಲಿಲ್ಲ ಎಂದು ಈ ವಾರ ನನ್ನನ್ನೇ ಕೇಳಿಕೊಂಡೆ. ಒಳ್ಳೆಯತನದಿಂದಲ್ಲ. ಅಷ್ಟು ಅಚ್ಚುಕಟ್ಟಾದ ಪ್ರತಿಯನ್ನು ನಾನು ಮತ್ತೆಂದೂ ತೆಗೆದಿರಲಿಲ್ಲ, ಸುಡಲು ಮನಸ್ಸು ಬರಲಿಲ್ಲ. ಮೈಸೂರಿನಿಂದ ಬಂದಿದ್ದ ಇಂಗ್ಲಿಷ್ ಕಾಗದವೂ ಅದರೊಳಗೇ ಇದೆ. ಎರಡನ್ನೂ ಈ ಪತ್ರದ ಜೊತೆ ಗಂಗಾಂಬಿಕೆಯೇ ಬಸ್ಸಿನಲ್ಲಿ ಹಾಸನಕ್ಕೆ ತಂದು ನಿಮ್ಮ ಕೈಗೆ ಕೊಡುತ್ತಾಳೆ. ಅಂಚೆಯನ್ನು ನಂಬುವುದಿಲ್ಲವೆಂದಳು. ನನ್ನನ್ನೂ ನಂಬುವುದಿಲ್ಲವೆಂದಳು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಎರಡನೆಯ ಸಾಲಿನ ಕೊನೆಗೆ ದುಂಡಗಿನ ಎರಡು ಅಕ್ಷರಗಳಿವೆ, ಮಾರ ಎಂದು. ನಿಮ್ಮ ವಂಶದ ಹೆಸರನ್ನು ಮೊದಲು ಓದುವ ಕೆಲಸ ಈ ಸಲ ನಿಮ್ಮದಾಗಲಿ.

ನಾನೂ ಹದಿಮೂರರಂದು ಬರುತ್ತೇನೆ. ಅಮಲ್ದಾರರ ಮೇಜಿನ ಬಳಿ ಮೆಲ್ಲಗೆ ಸಾಕ್ಷಿ ನುಡಿದು ಬರುವುದು ನನಗೆ ಸುಲಭ. ಅದು ಸಾಲದು. ಸುಳ್ಳು ಓದಿದ್ದು ಜಗಲಿಯ ಮುಂದೆ, ಊರ ಎದುರಿಗೆ. ಬಿಡಿಸಿ ಹೇಳುವುದೂ ಅಲ್ಲೇ ಆಗಬೇಕು. ಈ ಪತ್ರದ ಪ್ರತಿಯನ್ನು ಪಟೇಲ್ ಪಂಚಾಕ್ಷರಯ್ಯನವರಿಗೂ ಸಮಿತಿಯ ಪ್ರತಿಯೊಬ್ಬ ಸದಸ್ಯನಿಗೂ ಇಂದೇ ಕಳಿಸಿದ್ದೇನೆ. ಹಾಸನದ ಪತ್ರಿಕೆಗೂ ಕಳಿಸಿದ್ದೇನೆ. ಅಕ್ಕ ನನ್ನ ಮುಖ ನೋಡುವುದಿಲ್ಲ, ನೋಡದಿರಲಿ.

ನಿಮ್ಮಲ್ಲಿ ಒಂದು ಕೋರಿಕೆ. ಕ್ಷಮೆ ಕೇಳುತ್ತಿಲ್ಲ. ಅದನ್ನು ಕೊಡಬಲ್ಲವರು ಕೆರೆಯ ಆಚೆ ದಂಡೆಯಲ್ಲಿ ಮಣ್ಣಿನಡಿ ಇದ್ದಾರೆ. ನೀವು ಆ ದಿನ ರಜೆ ಹಾಕಿ ಬರಬೇಕು. ಜಗಲಿಯ ಕೆಳಗಲ್ಲ, ಜಗಲಿಯ ಮೇಲೆ ನಿಲ್ಲಬೇಕು. ಆ ಇಂಗ್ಲಿಷ್ ಕಾಗದವನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಸಲ ಓದಿ ಎನ್ನಬೇಕು. ಅಂದು ನಿಮ್ಮ ಕೇರಿಯ ಹಿರಿಯರು ಕೇಳಿದ್ದು ಅಷ್ಟೇ, ಇನ್ನೊಂದು ಸಲ ಓದಿಸು ಎಂದು. ನಾನು ಓದುತ್ತೇನೆ, ಇದ್ದದ್ದನ್ನು. ಮುಗಿದ ಮೇಲೆ ನನಗೆ ಬಾಯಾರಿರುತ್ತದೆ. ಎಳನೀರು ಬೇಡ.

ಸಮಿತಿಯವರಿಗೆ, ಊರಿನವರಿಗೆ, ನನ್ನ ಭಾವನವರಿಗೆ ನಾನು ಕೇಳುವುದು ಇಷ್ಟು. ಕೆತ್ತಲೋ ಬಿಡಲೋ ಎಂದು ಕಲ್ಲುಕುಟಿಗ ಕೇಳಿದಾಗ ನಾನು ಗೋಡೆಯ ಕಡೆ ತಿರುಗಿದ್ದೆ. ಕೆತ್ತು ಎಂದವರು ಯಾರು? ತೆಗೆದದ್ದು ಮಸಿಯನ್ನೋ, ಹೆಸರನ್ನೋ? ತೆರವು ಮಾಡಿ ಎಂಬ ಹುಕುಮು ಸರ್ಕಾರದ್ದಲ್ಲ, ನಮ್ಮದು ಎಂದು ಕೆಂಚಯ್ಯನವರ ಮಕ್ಕಳ ಮುಂದೆ ಬಾಯಿಬಿಟ್ಟು ಒಪ್ಪುವಿರೋ ಇಲ್ಲವೋ? ಉತ್ತರವನ್ನು ಚೀಟಿಯಲ್ಲಿ ಬರೆದು ಕಳಿಸಬೇಡಿ. ಹದಿಮೂರನೆಯ ತಾರೀಖು ಬೆಳಗ್ಗೆ ಹತ್ತಕ್ಕೆ, ಅದೇ ಜಗಲಿಯ ಮುಂದೆ, ಎಲ್ಲರಿಗೂ ಕೇಳುವಂತೆ ಹೇಳಿ.

ಮುದ್ದಮ್ಮನವರೇ, ನಿಮ್ಮ ಮಕ್ಕಳು ಆ ಕಿಂಡಿಯಿಂದ ಮತ್ತೆ ತೂಬು ನೋಡುವಂತಾಗಲಿ.

ಇಂತಿ,
ಓದಬಲ್ಲವನೆಂದು ನಿಮ್ಮ ತಂದೆಯವರು ನಂಬಿದ್ದ
ಗಂಗಾಧರಯ್ಯ